ವಿಪತ್ತಿನ ನಡುವೆ ಮನಸ್ಸಿನ ಆರೈಕೆ: ಮನೋಸಾಮಾಜಿಕ ಬೆಂಬಲದ ತರಬೇತಿ

ಯುದ್ಧ, ಭೂಕಂಪ, ನೆರೆ, ಸಾಂಕ್ರಾಮಿಕ ರೋಗ, ಸಾಮೂಹಿಕ ವಲಸೆ ಮೊದಲಾದ ಮಾನವೀಯ ತುರ್ತುಪರಿಸ್ಥಿತಿಗಳಲ್ಲಿ ಜನರ ಮನಸ್ಸನ್ನು ಕಾಯಲು, ಕದಡಿದ ಮನಸ್ಸನ್ನು ತಿಳಿಗೊಳಿಸಲು, ಚದುರಿದ ಮನೆ ಮತ್ತು ಊರಿನ ನಂಟನ್ನು ಮತ್ತೆ ಕೂಡಿಸಲು ನಡೆಯುವ ಕೆಲಸಗಳಿಗೆಲ್ಲ ಸೇರಿ ‘ಮಾನಸಿಕ ಆರೋಗ್ಯ ಮತ್ತು ಮನೋಸಾಮಾಜಿಕ ಬೆಂಬಲ’ ಎಂಬ ಹೆಸರಿದೆ. ಈ ಕೆಲಸದ ಬಹುಪಾಲು ಮನೋವೈದ್ಯರಿಂದ ಆಗುವುದಿಲ್ಲ, ಆಗಲು ಸಾಧ್ಯವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜೊಂದು 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸಂಘರ್ಷಕ್ಕೆ ಸಿಕ್ಕಿದ ಪ್ರದೇಶಗಳಲ್ಲಿ ಯಾವುದೇ ಒಂದು ಹೊತ್ತಿನಲ್ಲಿ ನೋಡಿದರೂ ಶೇ. 22ರಷ್ಟು ಜನರಿಗೆ ಖಿನ್ನತೆ, ಆತಂಕ, ಆಘಾತೋತ್ತರ ಒತ್ತಡ, ಚಿತ್ತವಿಕಲತೆಗಳಂಥ ಯಾವುದಾದರೊಂದು ಮಾನಸಿಕ ತೊಂದರೆ ಇರುತ್ತದೆ, ಶೇ. 5ರಷ್ಟು ಜನರ ತೊಂದರೆ ತೀವ್ರ ಸ್ವರೂಪದ್ದು. ಅಂದರೆ ಐವರಲ್ಲಿ ಒಬ್ಬರಿಗಾದರೂ ಏನಾದರೊಂದು ತೊಂದರೆ. ನೆಮ್ಮದಿಯ ದಿನಗಳಲ್ಲೇ ಲಕ್ಷ ಜನರಿಗೆ ಒಬ್ಬ ಮನೋವೈದ್ಯನೂ ಇಲ್ಲದ ಭಾರತದಂಥ ದೇಶದಲ್ಲಿ ವಿಪತ್ತಿನ ದಿನ ಅವರನ್ನು ಎಲ್ಲಿಂದ ತರುವುದು? ಹಾಗಾಗಿ ದಾದಿಯರು, ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಸ್ವಯಂಸೇವಕರು, ಸಾಮಾನ್ಯ ವೈದ್ಯರು ಇಂಥವರನ್ನೇ ಸಿದ್ಧಗೊಳಿಸಬೇಕಾಗುತ್ತದೆ. ಆ ಸಿದ್ಧತೆಯೇ ಇಲ್ಲಿ ಹೇಳುತ್ತಿರುವ ತರಬೇತಿ. ಕಳೆದ ನಾಲ್ಕೈದು ದಶಕಗಳಲ್ಲಿ ಇದು ಜಗತ್ತಿನಾದ್ಯಂತ ಬೆಳೆದಿದೆ. ಆದರೆ ಅದನ್ನು ಅಳೆಯುವ ಕೋಲು ಮಾತ್ರ ತಪ್ಪಾಗಿದೆ. ಎಷ್ಟು ಜನರಿಗೆ, ಎಷ್ಟು ದಿನ ತರಬೇತಿ ಕೊಟ್ಟೆವು ಎಂಬ ಲೆಕ್ಕ ಎಲ್ಲ ವರದಿಗಳಲ್ಲೂ ಇರುತ್ತದೆ. ತರಬೇತಿ ಮುಗಿಸಿ ಶಿಬಿರಕ್ಕೆ ಮರಳಿದವರ ಬೆನ್ನಿಗೆ ಮುಂದಿನ ತಿಂಗಳು ಯಾರು ನಿಂತರು ಎಂಬ ಲೆಕ್ಕ ಇರುವುದು ಅಪರೂಪ. ಲಭ್ಯವಿರುವ ಪುರಾವೆಯೆಲ್ಲ ಒಂದೇ ಕಡೆ ಬೆರಳು ಮಾಡುತ್ತದೆ: ತರಬೇತಿಯ ಫಲ ನಿರ್ಧಾರವಾಗುವುದು ತರಗತಿಯಲ್ಲಿ ಅಲ್ಲ, ತರಗತಿ ಮುಗಿದ ಮೇಲೆ.

ಈ ಕ್ಷೇತ್ರದ ಮೂಲ ದಾಖಲೆ 2007ರಲ್ಲಿ ಬಂದ ಮಾರ್ಗಸೂಚಿ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ರೆಡ್‌ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳು ಕೂಡಿರುವ ಅಂತರ-ಸಂಸ್ಥಾ ಸ್ಥಾಯೀ ಸಮಿತಿ ಅದನ್ನು ಹೊರತಂದಿತು. ಅದರೊಳಗಿನ ಒಂದು ಚಿತ್ರ ಇಂದಿಗೂ ಎಲ್ಲ ತರಬೇತಿಗಳ ಮೊದಲ ಪಾಠ: ನಾಲ್ಕು ಅಂತಸ್ತಿನ ಒಂದು ಪಿರಮಿಡ್ಡು. ತಳದಲ್ಲಿ ಅನ್ನ, ನೀರು, ಸೂರು, ಸುರಕ್ಷತೆ. ಇವು ಎಲ್ಲರಿಗೂ ಬೇಕು, ಮತ್ತು ಮರ್ಯಾದೆಗೆ ಕುಂದಾಗದಂತೆ ಸಿಗಬೇಕು. ಅದರ ಮೇಲೆ ಕುಟುಂಬ ಮತ್ತು ಸಮುದಾಯದ ಆಸರೆ. ಕಳೆದುಹೋದವರನ್ನು ಹುಡುಕಿಕೊಡುವುದು, ಸತ್ತವರಿಗೆ ವಿಧಿವತ್ತಾಗಿ ಸಂಸ್ಕಾರ ಮಾಡಲು ಅವಕಾಶ ಮಾಡಿಕೊಡುವುದು, ಮಕ್ಕಳ ಶಾಲೆಯನ್ನು ಬೇಗ ಶುರುಮಾಡುವುದು ಇದರಲ್ಲಿ ಸೇರುತ್ತವೆ. ಮೂರನೆಯದು ತಜ್ಞರಲ್ಲದ, ಆದರೆ ತರಬೇತಾದವರು ಒಬ್ಬೊಬ್ಬರಿಗೆ ಇಲ್ಲವೆ ಸಣ್ಣ ಗುಂಪಿಗೆ ಕೊಡುವ ಗಮನ. ತುದಿಯಲ್ಲಿ ಮಾತ್ರ ಮನೋವೈದ್ಯರು ಮತ್ತು ಮನಶ್ಶಾಸ್ತ್ರಜ್ಞರು. ಈ ಚಿತ್ರದಿಂದ ತರಬೇತಿಯ ವ್ಯಾಪ್ತಿಯೇ ಬದಲಾಯಿತು. ನಿರಾಶ್ರಿತರ ಶಿಬಿರದಲ್ಲಿ ಶೌಚಾಲಯ ಕಟ್ಟಿಸುವ ಎಂಜಿನಿಯರಿಗೂ ಇಲ್ಲಿ ಪಾಠವಿದೆ. ಹೆಂಗಸರ ಶೌಚಾಲಯವನ್ನು ಕತ್ತಲ ಮೂಲೆಯಲ್ಲಿ, ಒಳಚಿಲಕವಿಲ್ಲದೆ ಕಟ್ಟಿದರೆ ಅವರು ರಾತ್ರಿ ಪೂರ್ತಿ ಹೆದರಿಕೆಯಲ್ಲಿ ಕಳೆಯುತ್ತಾರೆ, ಹಗಲಲ್ಲಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಈ ಭಯಕ್ಕೆ ಮದ್ದು ಆಪ್ತಸಮಾಲೋಚನೆಯಲ್ಲ. ಒಂದು ದೀಪ, ಒಂದು ಚಿಲಕ.

ಇಲ್ಲೇ ಮೊದಲ ಆಕ್ಷೇಪ ಏಳುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಮನಸ್ಸಿನ ಮಾತೇಕೆ, ಮೊದಲು ಗಂಜಿ ಕೇಂದ್ರ ತೆರೆಯಿರಿ ಎನ್ನುತ್ತಾರೆ. ಮಾತಿನಲ್ಲಿ ಅರ್ಧ ಸತ್ಯವಿದೆ. ಅನ್ನ-ನೀರನ್ನು ಬದಿಗಿಟ್ಟು ಸಮಾಲೋಚಕರ ತಂಡವನ್ನು ಕಳಿಸಿದರೆ ಅದು ಅವಿವೇಕವೇ ಸರಿ. ಪಿರಮಿಡ್ಡಿನ ತಳವೂ ಅದನ್ನೇ ಹೇಳುತ್ತದೆ. ಆದರೆ ಉಳಿದರ್ಧವನ್ನು ಈ ಆಕ್ಷೇಪ ಕಾಣುವುದಿಲ್ಲ. ತೀವ್ರ ಖಿನ್ನತೆಗೆ ಜಾರಿದ ತಾಯಿ ಪಡಿತರದ ಸಾಲಿನಲ್ಲಿ ನಿಲ್ಲುವುದಿಲ್ಲ, ಮಗುವಿಗೆ ಹೊತ್ತಿಗೆ ಸರಿಯಾಗಿ ಉಣಿಸುವುದಿಲ್ಲ. ಮೊದಲೇ ಚಿತ್ತವಿಕಲತೆಯಿದ್ದು ಮಾತ್ರೆಯ ಮೇಲೆ ನೆಮ್ಮದಿಯಾಗಿದ್ದವನ ಮಾತ್ರೆ ನೆರೆಯಲ್ಲಿ ಕೊಚ್ಚಿಹೋದರೆ ಎರಡು ವಾರದಲ್ಲಿ ಅವನನ್ನು ಕಟ್ಟಿಹಾಕುವ ಸ್ಥಿತಿ ಬರಬಹುದು. ಅನ್ನ ಎಲ್ಲಿ ಕೊಡುತ್ತಾರೆ, ಹೇಗೆ ಕೊಡುತ್ತಾರೆ, ಕೊಡುವವರು ಯಾವ ದನಿಯಲ್ಲಿ ಮಾತಾಡುತ್ತಾರೆ ಎಂಬುದರಲ್ಲೇ ಮನಸ್ಸಿನ ಪ್ರಶ್ನೆ ಸೇರಿಕೊಂಡಿದೆ. ಆದ್ದರಿಂದ ‘ಮೊದಲು ಅನ್ನ, ಆಮೇಲೆ ಮನಸ್ಸು’ ಎಂಬ ಸರದಿ ಕಾಗದದ ಮೇಲೆ ಚೆಂದ, ಶಿಬಿರದಲ್ಲಿ ಅದು ಉಳಿಯುವುದಿಲ್ಲ.

ತರಬೇತಿ ಕೊಡುವುದೇ ಒಳಿತು ಎಂಬ ನಂಬಿಕೆಗೆ ಬಿದ್ದ ಬಲವಾದ ಪೆಟ್ಟು ತಜ್ಞರ ಕಡೆಯಿಂದಲೇ ಬಂತು. ಅಮೆರಿಕದ ಜೆಫ್ರಿ ಮಿಚೆಲ್ 1983ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ಅಗ್ನಿಶಾಮಕ ದಳದವರು, ಆಂಬುಲೆನ್ಸ್ ಸಿಬ್ಬಂದಿ ಮೊದಲಾದವರು ಘೋರ ದೃಶ್ಯಗಳನ್ನು ಕಂಡ ಮೇಲೆ ಒಟ್ಟಿಗೆ ಕೂತು, ನಡೆದದ್ದನ್ನು ಹಂತಹಂತವಾಗಿ ಹೇಳಿಕೊಂಡು ಮನಸ್ಸು ಹಗುರ ಮಾಡಿಕೊಳ್ಳುವ ಕ್ರಮ ಅದು. ಸರಳವಾಗಿತ್ತು, ಕಲಿಸುವುದು ಸುಲಭವಾಗಿತ್ತು, ಒಳಗಿನದನ್ನು ಹೊರಹಾಕಿದರೆ ಹಗುರಾಗುತ್ತದೆ ಎಂಬ ಲೋಕಾಭಿಪ್ರಾಯಕ್ಕೂ ಹೊಂದುತ್ತಿತ್ತು. ಹೀಗಾಗಿ ಅದು ಸಿಬ್ಬಂದಿಯ ಗುಂಪಿನಿಂದ ಸಂತ್ರಸ್ತರಿಗೆ, ಗುಂಪಿನಿಂದ ಒಬ್ಬೊಬ್ಬರಿಗೆ ಹಬ್ಬಿತು. ಅದನ್ನು ಕಲಿಸುವ ಶಿಬಿರಗಳೂ ಹಬ್ಬಿದವು. ಪರೀಕ್ಷೆಗೆ ಒಡ್ಡಿದಾಗ ಬೇರೆಯೇ ಕಥೆ ಹೊರಬಿತ್ತು. ಬ್ರಿಟನ್ನಿನಲ್ಲಿ ಜೊನಾಥನ್ ಬಿಸನ್ ಮತ್ತು ಸಂಗಡಿಗರು ಸುಟ್ಟಗಾಯದ ರೋಗಿಗಳ ಮೇಲೆ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 13 ತಿಂಗಳ ನಂತರ ಈ ಉಪಚಾರ ಪಡೆದವರಲ್ಲಿ ಶೇ. 26ರಷ್ಟು ಜನರಿಗೆ ಆಘಾತೋತ್ತರ ಒತ್ತಡದ ಕಾಯಿಲೆ ಇತ್ತು, ಪಡೆಯದವರಲ್ಲಿ ಶೇ. 9. ಉಪಚಾರ ಪಡೆದವರ ಗಾಯ ಮೊದಲಿಗೇ ಹೆಚ್ಚು ತೀವ್ರವಾಗಿತ್ತು ಎಂಬುದನ್ನು ಸಂಶೋಧಕರೇ ಹೇಳಿದ್ದರು, ಆದ್ದರಿಂದ ಆ ಒಂದು ಅಧ್ಯಯನವನ್ನೇ ಹಿಡಿದು ತೀರ್ಪು ಕೊಡಲಾಗದು. ಆದರೆ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗಲೂ ಒಂದೇ ಬೈಠಕ್ಕಿನ ಇಂಥ ಉಪಚಾರದಿಂದ ಪ್ರಯೋಜನ ಕಾಣಲಿಲ್ಲ, ಹಾನಿಯ ಸಂದೇಹ ಉಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಬಳಸಬೇಡಿ ಎಂದಿತು. 2013ರಲ್ಲಿ, ಆಘಾತದ ಮೊದಲ ತಿಂಗಳಲ್ಲಿ ಸಂಕಟ ತಗ್ಗಿಸಲೆಂದು ಬೆಂಜೊಡಯಜಪೀನ್ ವರ್ಗದ ಗುಳಿಗೆ ಕೊಡುವುದನ್ನೂ ಬೇಡವೆಂದಿತು. ಒಳ್ಳೆಯ ಉದ್ದೇಶದ, ಚೆನ್ನಾಗಿ ಕಲಿಸಿದ ತಪ್ಪು ವಿದ್ಯೆ ಅದು. ಈಗಿನ ತರಬೇತಿಗಳಲ್ಲಿ ‘ಏನು ಮಾಡಬಾರದು’ ಎಂಬ ಭಾಗಕ್ಕೆ ದೊಡ್ಡ ಜಾಗ ಇರುವುದು ಈ ಕಾರಣಕ್ಕೆ.

ಮಿಚೆಲ್ ವಿಧಾನದ ಜಾಗಕ್ಕೆ ಬಂದದ್ದು ಮಾನಸಿಕ ಪ್ರಥಮ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ, ವಾರ್ ಟ್ರಾಮಾ ಫೌಂಡೇಶನ್ ಮತ್ತು ವರ್ಲ್ಡ್ ವಿಷನ್ ಸೇರಿ 2011ರಲ್ಲಿ ಇದರ ಕೈಪಿಡಿಯನ್ನು ಪ್ರಕಟಿಸಿದವು. ನೋಡು, ಆಲಿಸು, ಜೋಡಿಸು ಎಂಬ ಮೂರು ಕ್ರಿಯೆಗಳಲ್ಲಿ ಅದರ ಸಾರವಿದೆ. ಯಾರಿಗೆ ತುರ್ತಾಗಿ ನೆರವು ಬೇಕು, ಜಾಗ ಸುರಕ್ಷಿತವೇ ಎಂದು ನೋಡುವುದು. ಮಾತಾಡು ಎಂದು ಒತ್ತಾಯಿಸದೆ, ಅವರು ಹೇಳಿದಷ್ಟನ್ನು ಕೇಳಿಸಿಕೊಳ್ಳುವುದು. ಬೇಕಾದ ಸೇವೆ, ಮಾಹಿತಿ, ಬಂಧುಗಳ ಜೊತೆ ಜೋಡಿಸುವುದು. ಸಾವಿನ ಮನೆಯಲ್ಲಿ ತಿಳಿದವರು ನಡೆದುಕೊಳ್ಳುವುದೂ ಹೆಚ್ಚುಕಡಿಮೆ ಹೀಗೆಯೇ: ಪಕ್ಕದಲ್ಲಿ ಕೂರುತ್ತಾರೆ, ನೀರು ಕೊಡುತ್ತಾರೆ, ಆಗಬೇಕಾದ ಕೆಲಸಕ್ಕೆ ಕೈ ಹಾಕುತ್ತಾರೆ. ಇದಕ್ಕೆ ತರಬೇತಿ ಬೇಕೇ ಎಂದು ಕೇಳಬಹುದು. ಬೇಕು. ‘ಅಳಬೇಡ’, ‘ಅವನ ಆಯುಸ್ಸು ಅಷ್ಟೇ ಇತ್ತು’, ‘ನಿನ್ನದಾದರೂ ಜೀವ ಉಳಿಯಿತಲ್ಲ’ ಎಂಬ ಮಾತುಗಳೂ ಅದೇ ಸಾವಿನ ಮನೆಯಲ್ಲಿ ಕೇಳಿಬರುತ್ತವೆ. ಆದರೆ ಈ ವಿಧಾನದ ಬಗ್ಗೆ ಇರುವ ಪುರಾವೆ ತೆಳುವಾದದ್ದು ಎಂಬುದನ್ನು ಮರೆಮಾಚಬಾರದು. ಎಬೋಲಾದ ತರುವಾಯ ಸಿಯೆರಾ ಲಿಯೋನ್‌ನಲ್ಲಿ ಪ್ರಾಥಮಿಕ ಆರೋಗ್ಯ ಘಟಕಗಳ 408 ಸಿಬ್ಬಂದಿಯನ್ನು ಒಳಗೊಂಡು ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಒಂದು ದಿನದ ತರಬೇತಿ ಪಡೆದವರ ತಿಳಿವಳಿಕೆ ಹೆಚ್ಚಿತ್ತು, ಆರು ತಿಂಗಳವರೆಗೂ ಉಳಿದಿತ್ತು. ಅವರ ಆತ್ಮವಿಶ್ವಾಸದಲ್ಲಿ, ವೃತ್ತಿಯ ಧೋರಣೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಒಂದು ದಿನದ ತರಬೇತಿಯ ಮಿತಿ ಇದೇ. ಅದು ಅರಿವು ಕೊಡುತ್ತದೆ. ಕೈಗೆ ಕಸುಬು ಬರುವುದು ಬೇರೆ ದಾರಿಯಿಂದ.

ಆ ಬೇರೆ ದಾರಿಯನ್ನು ಹುಡುಕಿದವರಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಮೈಸೂರು ಸರ್ಕಾರದ ಹಳೆಯ ಮಾನಸಿಕ ಆಸ್ಪತ್ರೆ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದರ ಮರುವರ್ಷದಿಂದಲೇ ನಗರದ ಹೊರವಲಯದ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯದ ಪ್ರಯೋಗ ಶುರುವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರು ಮೂರ್ಛೆರೋಗ, ತೀವ್ರ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಆರೈಕೆ ಮಾಡಬಲ್ಲರೇ ಎಂಬುದು ಅಲ್ಲಿನ ಪ್ರಶ್ನೆ. ಅದೇ ಹೊತ್ತಿಗೆ ಚಂಡೀಗಢದ ಬಳಿಯ ರಾಯ್‌ಪುರ್ ರಾಣಿಯಲ್ಲೂ ಇಂಥದೇ ಕೆಲಸ ನಡೆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 80ರ ದಶಕದ ನಡುವಿನಲ್ಲಿ ಇಡೀ ಬಳ್ಳಾರಿ ಜಿಲ್ಲೆಯನ್ನೇ ಪ್ರಯೋಗಭೂಮಿ ಮಾಡಿಕೊಂಡರು. ಬಳ್ಳಾರಿಯಲ್ಲಿ ನಡೆದದ್ದು ಬರಿಯ ಪಾಠವಲ್ಲ. ವೈದ್ಯರು ಮತ್ತು ಕಾರ್ಯಕರ್ತರಿಗೆ ತಂಡತಂಡವಾಗಿ ತರಬೇತಿ, ಆರೋಗ್ಯ ಕೇಂದ್ರದಲ್ಲೇ ಅಗತ್ಯ ಔಷಧಗಳ ದಾಸ್ತಾನು, ಸರಳ ದಾಖಲೆ ಪುಸ್ತಕ, ಜಿಲ್ಲಾ ಮಟ್ಟದ ತಂಡದಿಂದ ನಿಯಮಿತ ಪರಿಶೀಲನೆ ಇವೆಲ್ಲ ಒಂದೇ ಹೊರೆಯಲ್ಲಿ ಕಟ್ಟಿದ್ದವು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ತಜ್ಞರಲ್ಲದವರಿಗೆ ಮನೋಆರೋಗ್ಯದ ತರಬೇತಿ ಎಂಬುದು ಜಿನೀವಾದಿಂದ ಇಳಿದುಬಂದ ವಿಚಾರ ಎಂದುಕೊಂಡವರು ಈ ವರ್ಷಗಳನ್ನೊಮ್ಮೆ ಎಣಿಸಿ ನೋಡಬಹುದು.

ಸಾಧಾರಣ ದಿನಗಳಿಗೆಂದು ಬೆಳೆದ ಈ ವಿದ್ಯೆ ವಿಪತ್ತಿಗೆ ಒದಗಿದ್ದು ಭೋಪಾಲದಲ್ಲಿ. ಅದಕ್ಕೂ ಮೊದಲು, 1981ರ ಫೆಬ್ರವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಮಕ್ಕಳು, ಸತ್ತಾಗ ನಿಮ್ಹಾನ್ಸ್ ತಂಡ ಮೃತರ ಬಂಧುಗಳ ದುಃಖವನ್ನು ಅಧ್ಯಯನ ಮಾಡಿತ್ತು. ವಿಪತ್ತು ಮತ್ತು ಮನಸ್ಸಿನ ಸಂಬಂಧ ಕುರಿತು ಭಾರತದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೊಂದು. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಾನಿಲ ಹರಡಿದಾಗ ಸಾವಿರಾರು ಜನ ಸತ್ತರು, ಲಕ್ಷಾಂತರ ಜನರಿಗೆ ಕಣ್ಣು, ಶ್ವಾಸಕೋಶದ ತೊಂದರೆಯ ಜೊತೆಗೆ ನಿದ್ದೆಗೇಡು, ಹೆದರಿಕೆ, ಖಿನ್ನತೆ ಅಂಟಿಕೊಂಡವು. ಚಿಕಿತ್ಸಾಲಯಗಳಿಗೆ ಬಂದವರನ್ನು ಲಖನೌದ ತಜ್ಞರು ಪರೀಕ್ಷಿಸಿದಾಗ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮಾನಸಿಕ ಕಾಯಿಲೆ ಕಂಡುಬಂತು. ಭೋಪಾಲದಲ್ಲಿ ಮನೋವೈದ್ಯರು ಇರಲಿಲ್ಲವೆನ್ನುವಷ್ಟು ಕಡಿಮೆ. ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ ಮತ್ತು ಸಹೋದ್ಯೋಗಿಗಳು 1985ರಲ್ಲಿ ಅನಿಲಪೀಡಿತ ಬಡಾವಣೆಗಳ ಸುಮಾರು 50 ವೈದ್ಯಾಧಿಕಾರಿಗಳಿಗೆ ತರಬೇತಿ ಕೊಟ್ಟರು. 1987ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆ ವೈದ್ಯಾಧಿಕಾರಿಗಳಿಗಾಗಿ ಕೈಪಿಡಿಯನ್ನು ಪ್ರಕಟಿಸಿತು. ಕನ್ನಡದಲ್ಲಿ ಮನೋಆರೋಗ್ಯದ ಪುಸ್ತಕಗಳಿಂದ ಮನೆಮಾತಾದ ಸಿ.ಆರ್. ಚಂದ್ರಶೇಖರ್ ಅದರ ಲೇಖಕರಲ್ಲಿ ಒಬ್ಬರು. ಆಮೇಲೆ 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ ಹೀಗೆ ಒಂದೊಂದರಲ್ಲೂ ಪಾಠದ ಗುರಿ ವೈದ್ಯರಿಂದ ಕೆಳಗಿಳಿದು ಊರಿನ ಕಾರ್ಯಕರ್ತರ ಕಡೆಗೆ ಸರಿಯಿತು. ಸಂತ್ರಸ್ತರ ನಡುವಿನಿಂದಲೇ ಬಂದವರನ್ನು ಆರಿಸಿ, ಮನೆಮನೆಗೆ ಹೋಗಿ ಮಾತಾಡಿಸುವ, ಸರ್ಕಾರಿ ಪರಿಹಾರದ ಅರ್ಜಿಗೂ ನೆರವಾಗುವ ಕೆಲಸ ಕಲಿಸಲಾಯಿತು.

ಮನೋವೈದ್ಯರಲ್ಲಿ ಕೆಲವರ ಆಕ್ಷೇಪ ಇಲ್ಲಿಂದ ಶುರು. ಹತ್ತನೇ ತರಗತಿ ಓದಿದ ಕಾರ್ಯಕರ್ತೆಯ ಕೈಗೆ ನೊಂದ ಜೀವವನ್ನು ಒಪ್ಪಿಸುವುದು ಬಡವರಿಗೆ ಅರೆಬೆಂದ ಚಿಕಿತ್ಸೆ ಬಡಿಸಿದ ಹಾಗಲ್ಲವೇ ಎನ್ನುತ್ತಾರೆ. ಇದಕ್ಕೆ ಉತ್ತರವನ್ನು ಪ್ರಯೋಗಗಳೇ ಕೊಡಬೇಕು, ಕೊಟ್ಟಿವೆ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆತಿಫ್ ರೆಹಮಾನ್ ಮತ್ತು ಸಂಗಡಿಗರು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ವಿಪತ್ತಿನದಲ್ಲವಾದರೂ ಈ ಕ್ಷೇತ್ರಕ್ಕೆ ತಳಹದಿ. ಖಿನ್ನತೆಯಲ್ಲಿದ್ದ ಬಸುರಿಯರನ್ನು ನಮ್ಮ ಆಶಾ ಕಾರ್ಯಕರ್ತೆಯರಿಗೆ ಸಮನಾದ ‘ಲೇಡಿ ಹೆಲ್ತ್ ವರ್ಕರ್’ಗಳು ಭೇಟಿಯಾಗಿ ಆಲೋಚನೆಯ ರೀತಿ ಬದಲಿಸಿಕೊಳ್ಳುವುದನ್ನು ಕಲಿಸಿದರು. ಹೆರಿಗೆಯಾಗಿ ಆರು ತಿಂಗಳಾದ ಮೇಲೆ ಅವರಲ್ಲಿ ಶೇ. 23 ಮಂದಿಗೆ ಖಿನ್ನತೆ ಉಳಿದಿತ್ತು. ಬರಿಯ ಭೇಟಿ ಪಡೆದವರಲ್ಲಿ ಶೇ. 53. ದಶಕಗಳ ಹಿಂಸೆಯಲ್ಲಿ ಬೆಂದ ಪೇಶಾವರದಲ್ಲಿ 346 ಮಂದಿಯೊಡನೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ‘ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್’ ಎಂಬ ಐದು ಭೇಟಿಗಳ ಉಪಚಾರವನ್ನು ತಜ್ಞರಲ್ಲದವರೇ ಕೊಟ್ಟರು. ಮೂರು ತಿಂಗಳ ಬಳಿಕ ಆತಂಕವೂ ಖಿನ್ನತೆಯೂ ಇಳಿದಿದ್ದವು. ಉಗಾಂಡದಲ್ಲಿ ಆಶ್ರಯ ಪಡೆದ ದಕ್ಷಿಣ ಸೂಡಾನಿನ 694 ಹೆಂಗಸರಿಗೆ ಧ್ವನಿಮುದ್ರಣ ಕೇಳಿಸುತ್ತ ದೊಡ್ಡ ಗುಂಪಿನಲ್ಲೇ ಪಾಠ ನಡೆಸಿದ ‘ಸೆಲ್ಫ್ ಹೆಲ್ಪ್ ಪ್ಲಸ್’ ಪ್ರಯೋಗದಲ್ಲೂ ಸಂಕಟ ತಗ್ಗಿತು. ಅಲ್ಲಿ ಪರಿಣಾಮ ಸಣ್ಣದು, ಅದನ್ನು ಹಿಗ್ಗಿಸಿ ಹೇಳಬೇಕಿಲ್ಲ. ಇತ್ತ, ಹಾನಿಯ ಸಂದೇಹ ಹುಟ್ಟಿಸಿದ ಆ ಹಳೆಯ ವಿಧಾನವನ್ನು ಹಬ್ಬಿಸಿದವರಲ್ಲಿ ಪದವೀಧರ ತಜ್ಞರೂ ಇದ್ದರು ಎಂಬುದನ್ನು ನೆನೆದರೆ, ಅಪಾಯ ಇರುವುದು ಓದು ಕಡಿಮೆಯಿರುವವರಲ್ಲಿ ಅಲ್ಲ, ಪರೀಕ್ಷೆಗೆ ಒಡ್ಡದ ಪಾಠದಲ್ಲಿ ಎಂಬುದು ಸ್ಪಷ್ಟ.

ಆದರೆ ಈ ಪ್ರಯೋಗಗಳನ್ನು ತೋರಿಸಿ ‘ನೋಡಿ, ಎರಡು ದಿನದ ತರಬೇತಿ ಸಾಕು’ ಎಂದು ಹೊರಡುವವರು ಅವುಗಳನ್ನು ಪೂರ್ತಿ ಓದಿರುವುದಿಲ್ಲ. ರಾವಲ್ಪಿಂಡಿಯ ಕಾರ್ಯಕರ್ತೆಯರಿಗೆ ತರಗತಿ ಎರಡೇ ದಿನ ಇತ್ತು, ನಿಜ. ಬೆನ್ನಿಗೆ ತಿಂಗಳಿಗೊಮ್ಮೆ ಅರ್ಧ ದಿನದ ಮೇಲ್ವಿಚಾರಣೆ ಇತ್ತು. ಪೇಶಾವರದಲ್ಲೂ ಮೇಲ್ವಿಚಾರಣೆ ನಿಂತಿರಲಿಲ್ಲ. ಇಲ್ಲಿ ಮೇಲ್ವಿಚಾರಣೆ ಎಂದರೆ ಹಾಜರಿ ಪುಸ್ತಕ ನೋಡಿ ಸಹಿ ಹಾಕುವುದಲ್ಲ. ಹೋದ ವಾರ ಭೇಟಿಯಾದವರು ಏನು ಹೇಳಿದರು, ನೀನು ಏನೆಂದೆ, ಎಲ್ಲಿ ತಡವರಿಸಿದೆ, ಯಾರನ್ನು ದೊಡ್ಡಾಸ್ಪತ್ರೆಗೆ ಕಳಿಸಬೇಕಿತ್ತು ಎಂದು ಅನುಭವಸ್ಥರೊಡನೆ ಕೂತು ಬಿಡಿಸಿ ನೋಡುವುದು. ಸಂಗೀತದ ಮೇಷ್ಟ್ರು ಶಿಷ್ಯನ ಪಾಠ ಒಪ್ಪಿಸಿಕೊಳ್ಳುವ ರೀತಿ. ಇದಕ್ಕೆ ಸರಿಯಾಗಿ ಉಲ್ಟಾ ದಾರಿ ಎಂದರೆ ತರಬೇತುದಾರರಿಗೆ ತರಬೇತಿ ಎಂಬ ಸರಪಳಿ. ರಾಜಧಾನಿಯಲ್ಲಿ ಇಪ್ಪತ್ತು ಮಂದಿಗೆ ಐದು ದಿನ, ಅವರಿಂದ ಜಿಲ್ಲೆಯಲ್ಲಿ ಇನ್ನೂರು ಮಂದಿಗೆ ಎರಡು ದಿನ, ಅವರಿಂದ ಹಳ್ಳಿಯಲ್ಲಿ ಎರಡು ಸಾವಿರ ಮಂದಿಗೆ ಅರ್ಧ ದಿನ. ಪ್ರತಿ ಮೆಟ್ಟಿಲಲ್ಲೂ ಮಜ್ಜಿಗೆಗೆ ಒಂದು ಚೊಂಬು ನೀರು ಬೀಳುತ್ತದೆ. ಕೊನೆಯವನ ಲೋಟದಲ್ಲಿ ಬಣ್ಣ ಮಾತ್ರ ಬಿಳಿ. 2007ರ ಮಾರ್ಗಸೂಚಿಯೇ ಈ ಬಗ್ಗೆ ಎಚ್ಚರಿಸಿತ್ತು: ಭಾವೀ ತರಬೇತುದಾರರಿಗೆ ಅನುಭವವಿಲ್ಲದೆ, ಸಿದ್ಧತೆ ಅವಸರದಲ್ಲಿ ನಡೆದರೆ ಇಂಥ ಸರಪಳಿ ಸೋಲುತ್ತದೆ, ಹಾನಿಯನ್ನೂ ಮಾಡಬಹುದು. ಆದರೂ ಸರಪಳಿ ಬಿಡದು, ಏಕೆಂದರೆ ಅದು ಧನಸಹಾಯ ಕೊಟ್ಟವರಿಗೆ ದೊಡ್ಡ ಸಂಖ್ಯೆಯನ್ನು, ಪ್ರಮಾಣಪತ್ರವನ್ನು, ಗುಂಪು ಫೋಟೊವನ್ನು ಬೇಗ ಕೊಡುತ್ತದೆ.

ಹಾಜರಿಯ ಬದಲು ಸಾಮರ್ಥ್ಯವನ್ನೇ ಅಳೆಯುವ ಪ್ರಯತ್ನ ಕಳೆದ ದಶಕದಲ್ಲಿ ನಡೆದಿದೆ. ನೇಪಾಳದಲ್ಲಿ ಬ್ರ್ಯಾಂಡನ್ ಕೋರ್ಟ್ ಮತ್ತು ಜೊತೆಗಾರರು ರೂಪಿಸಿ 2015ರಲ್ಲಿ ಪ್ರಕಟಿಸಿದ ‘ಎನಾಕ್ಟ್’ ಎಂಬ ಅಳತೆಗೋಲು ಪರೀಕ್ಷೆ ಬರೆಸುವುದಿಲ್ಲ, ಪಾತ್ರ ಮಾಡಿಸುತ್ತದೆ. ಒಬ್ಬರು ಸಂತ್ರಸ್ತರ ಪಾತ್ರ ವಹಿಸುತ್ತಾರೆ. ಕಲಿತವರು ಅವರನ್ನು ಮಾತಾಡಿಸುವ ಬಗೆಯನ್ನು ಮತ್ತೊಬ್ಬರು ನೋಡಿ ಅಂಕ ಹಾಕುತ್ತಾರೆ. ಕಣ್ಣು, ಕೂರುವ ಭಂಗಿ, ಮಾತನ್ನು ನಡುವೆ ಕತ್ತರಿಸದಿರುವುದು, ಗುಟ್ಟು ಕಾಯುವ ಭರವಸೆ, ಜೀವಕ್ಕೆ ಅಪಾಯ ತಂದುಕೊಳ್ಳುವ ಯೋಚನೆಯಿದೆಯೇ ಎಂದು ಅಳುಕದೆ ಕೇಳುವುದು ಇವೆಲ್ಲ ಅಲ್ಲಿ ಕಾಣುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ 2022ರಲ್ಲಿ ‘ಇಕ್ವಿಪ್’ ಎಂಬ ವೇದಿಕೆಯ ಮೂಲಕ ಇಂಥ ಅಳತೆಗೋಲುಗಳನ್ನು ಎಲ್ಲರಿಗೂ ಉಚಿತವಾಗಿ ಒದಗಿಸಿದವು. ಪುಸ್ತಕದ ಪ್ರಶ್ನೆಗೆ ನೂರಕ್ಕೆ ತೊಂಬತ್ತು ಅಂಕ ತೆಗೆದವರು ಎದುರಿಗೆ ಅಳುವ ಮನುಷ್ಯ ಕೂತಾಗ ಉಪದೇಶಕ್ಕೆ ಇಳಿದುಬಿಡುವುದು ಈ ಪಾತ್ರಾಭಿನಯದಲ್ಲಿ ತಕ್ಷಣ ಹೊರಬೀಳುತ್ತದೆ. ಉಪದೇಶ ನಮ್ಮ ಕಡೆಯ ಹಳೆಯ ಚಟವೂ ಹೌದು.

ವೈದ್ಯರ ತರಬೇತಿಯ ದಾರಿ ಸ್ವಲ್ಪ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ 2015ರಲ್ಲಿ ಹೊರತಂದ ಎಂಎಚ್‌ಗ್ಯಾಪ್ ಎಂಬ ಮಾನವೀಯ ನೆರವಿನ ಕೈಪಿಡಿ ಸಾಮಾನ್ಯ ವೈದ್ಯರಿಗಾಗಿ ಬರೆದದ್ದು. ಖಿನ್ನತೆ, ದುಃಖ, ಆಘಾತದ ಜೊತೆಗೆ ಚಿತ್ತವಿಕಲತೆ, ಮೂರ್ಛೆರೋಗ, ಮದ್ಯದ ಚಟಗಳೂ ಅದರಲ್ಲಿವೆ. ಮೂರ್ಛೆರೋಗ ಇಲ್ಲೇಕೆ ಎಂದು ಅಚ್ಚರಿಪಡುವವರುಂಟು. ಶಿಬಿರದ ಒಲೆ, ಹೊಂಡ, ನೂಕುನುಗ್ಗಲಿನ ನಡುವೆ ಔಷಧ ತಪ್ಪಿದ ಮೂರ್ಛೆರೋಗಿಯ ಜೀವ ಒಂದು ಸೆಳವಿನಲ್ಲಿ ಹೋಗಬಹುದು, ಆ ಔಷಧವೋ ತೀರಾ ಅಗ್ಗ. ಆದರೆ ರೋಗ ಗುರುತಿಸಲು ಕಲಿತ ವೈದ್ಯರ ಕಪಾಟಿನಲ್ಲಿ ಗುಳಿಗೆಯೇ ಇಲ್ಲದಿದ್ದರೆ ಕಲಿಕೆ ಬೇಗ ಮಾಸುತ್ತದೆ. ಬಳ್ಳಾರಿಯಲ್ಲಿ ತರಬೇತಿಯ ಜೊತೆಗೇ ಔಷಧವನ್ನೂ ಕಟ್ಟಿಕೊಟ್ಟದ್ದು ಈ ವಿವೇಕದಿಂದ.

ಎಲ್ಲಕ್ಕಿಂತ ಗಂಭೀರ ಆಕ್ಷೇಪ ಸಂಸ್ಕೃತಿಯ ಕಡೆಯಿಂದ ಬರುತ್ತದೆ. ಪಶ್ಚಿಮದ ಆಘಾತದ ಪರಿಭಾಷೆಯನ್ನು ತಂದು, ತಮ್ಮದೇ ಧರ್ಮ, ನಂಟಸ್ತನ, ಆಚರಣೆಗಳಲ್ಲಿ ಸಾಂತ್ವನ ಕಾಣುವ ಜನರ ಮೇಲೆ ಹೇರುವ ವ್ಯವಹಾರವಿದು ಎಂಬ ದೂರು 2004ರ ಸುನಾಮಿಯ ನಂತರ ಶ್ರೀಲಂಕಾದಲ್ಲಿ ಜೋರಾಗಿ ಕೇಳಿಬಂತು. ಭಾಷೆ ಬಾರದ ಸಮಾಲೋಚಕರು ವಿಮಾನದಿಂದ ಇಳಿದು, ದುಭಾಷಿಗಳ ಮೂಲಕ ಎರಡು ವಾರ ಕೆಲಸ ಮಾಡಿ, ಹಿಂತಿರುಗಿದ್ದು ಅಲ್ಲಿನವರಿಗೆ ನೆರವಿಗಿಂತ ಹೊರೆಯಾಗಿತ್ತು. ಈ ದೂರನ್ನು ಒಪ್ಪಲೇಬೇಕು. ಆದರೆ ಅದರಿಂದ ಹೊರಡುವ ತೀರ್ಮಾನ ತರಬೇತಿ ಬೇಡ ಎಂಬುದಲ್ಲ. ಊರಿನವರಿಗೆ, ಊರಿನ ಮಾತಿನಲ್ಲಿ ಬೇಕು ಎಂಬುದು. ಜಾಫ್ನಾದ ಮನೋವೈದ್ಯ ದಯಾ ಸೋಮಸುಂದರಂ ದಶಕಗಳ ಯುದ್ಧದ ನಡುವೆ ಇದನ್ನೇ ಮಾಡಿ ತೋರಿಸಿದರು. ಒಬ್ಬನ ಮನಸ್ಸಿಗಷ್ಟೇ ಅಲ್ಲ, ಇಡೀ ಸಮುದಾಯಕ್ಕೆ ಗಾಯವಾಗುತ್ತದೆ ಎಂಬ ಅವರ ವಾದ ಈಗ ಜಗತ್ತಿನ ಚರ್ಚೆಯ ಭಾಗ. ನೇಪಾಳದ ಉದಾಹರಣೆ ಇನ್ನೂ ಸೂಕ್ಷ್ಮ. ಅಲ್ಲಿನ ಮಾತಿನಲ್ಲಿ ‘ಮನ್’ ನೋಯುವುದು ಯಾರಿಗೂ ಆಗುವಂಥದ್ದು, ‘ದಿಮಾಗ್’ ಕೆಡುವುದು ಹುಚ್ಚು ಎಂಬುದನ್ನು ಬ್ರ್ಯಾಂಡನ್ ಕೋರ್ಟ್ ಮತ್ತು ಇಯಾನ್ ಹಾರ್ಪರ್ 2008ರಲ್ಲಿ ಬರೆದು ತೋರಿಸಿದರು. ಆ ಮೇಲೆ ಅಲ್ಲಿನ ತರಬೇತಿಗಳು ‘ಮನ್’ ಹಿಡಿದು ಮಾತಾಡಲು ಕಲಿಸಿದವು. ಕನ್ನಡದಲ್ಲೂ ಇದೇ ಗಡಿ ಇದೆ. ‘ಮನಸ್ಸಿಗೆ ಬೇಜಾರು’ ಎಂದರೆ ನೆರೆಮನೆಯವರು ಬಂದು ಕೂರುತ್ತಾರೆ, ‘ತಲೆ ಕೆಟ್ಟಿದೆ’ ಎಂದರೆ ದೂರ ಸರಿಯುತ್ತಾರೆ. ‘ಎದೆ ಭಾರ’, ‘ಜೀವ ಝಲ್ಲೆನ್ನುತ್ತೆ’, ‘ಕೈಕಾಲಲ್ಲಿ ಶಕ್ತಿಯೇ ಇಲ್ಲ’ ಎಂದು ಹೇಳಿಕೊಂಡು ಬರುವವರ ಮಾತಿನೊಳಗಿನ ಖಿನ್ನತೆಯನ್ನು ಹಿಡಿಯಲು ಕಲಿಸದ ಕೈಪಿಡಿ, ಎಷ್ಟೇ ಅಚ್ಚುಕಟ್ಟಾಗಿ ಅನುವಾದವಾಗಿದ್ದರೂ, ಕನ್ನಡದ ಕೈಪಿಡಿಯಲ್ಲ.

ಕೊನೆಯದಾಗಿ ವೆಚ್ಚದ ಮತ್ತು ಅವಸರದ ವಾದ. ತಿಂಗಳುಗಟ್ಟಲೆ ಮೇಲ್ವಿಚಾರಣೆಗೆ ತುರ್ತಿನಲ್ಲಿ ಪುರುಸೊತ್ತು ಎಲ್ಲಿದೆ, ಹಣ ಎಲ್ಲಿದೆ ಎನ್ನುತ್ತಾರೆ. ಪುರುಸೊತ್ತಿಲ್ಲ ಎಂಬುದೇ ಈ ಕೆಲಸ ವಿಪತ್ತಿಗೆ ಮೊದಲೇ ಆಗಬೇಕು ಎನ್ನುವುದಕ್ಕೆ ಕಾರಣ. ಭಾರತದ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರ ಡಿಸೆಂಬರಿನಲ್ಲಿ ಮನೋಸಾಮಾಜಿಕ ಬೆಂಬಲಕ್ಕೆಂದೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಸಿದ್ಧತೆಯ ಹಂತದಲ್ಲೇ ತರಬೇತಿ ನಡೆಯಬೇಕೆಂಬುದು ಅದರ ಆಶಯ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, ಕೇರಳ ಮುಳುಗಿದಾಗ ನಿಮ್ಹಾನ್ಸ್ ತಂಡಗಳು ಹೋದವು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ (14416) ಕೇಂದ್ರ ಸಂಸ್ಥೆಯೂ ನಿಮ್ಹಾನ್ಸೇ. ದೂರವಾಣಿಯಲ್ಲಿ ನೊಂದವರ ಕರೆ ಸ್ವೀಕರಿಸುವ ಇಂಥ ವ್ಯವಸ್ಥೆಯನ್ನು ಶಿಬಿರದ ಕಾರ್ಯಕರ್ತೆಯ ಮೇಲ್ವಿಚಾರಣೆಗೂ ಬಳಸಿದರೆ ಪ್ರಯಾಣದ ವೆಚ್ಚವೂ ಉಳಿಯುತ್ತದೆ. ಇನ್ನೊಂದು ಸಂಗತಿ ಲೆಕ್ಕದಿಂದ ಸದಾ ಬಿಟ್ಟುಹೋಗುತ್ತದೆ: ಸ್ಥಳೀಯ ಕಾರ್ಯಕರ್ತೆ ತಾನೂ ಸಂತ್ರಸ್ತೆ. ಮನೆ ಕಳಕೊಂಡವಳು, ಬಂಧುಗಳನ್ನು ಕಳಕೊಂಡವಳು ದಿನಕ್ಕೆ ಹತ್ತು ಜನರ ಅಳಲು ಕೇಳುತ್ತಾಳೆ. ಅವಳ ಅಳಲು ಕೇಳಲು ಮೇಲ್ವಿಚಾರಣೆಯ ಆ ಅರ್ಧ ದಿನವಲ್ಲದೆ ಬೇರೆ ಹೊತ್ತಿರುವುದಿಲ್ಲ. ಅದನ್ನು ಉಳಿತಾಯದ ಬಾಬ್ತು ಎಂದು ಮೊದಲು ಕತ್ತರಿಸುವುದು ದುಬಾರಿ ಉಳಿತಾಯ.

ವಿಪತ್ತಿನ ಹಣ ಮತ್ತು ಜನರ ಗಮನ ಎರಡೂ ಬೇಗ ಬತ್ತುವ ಹೊಳೆಗಳು. ಅವು ತುಂಬಿ ಹರಿಯುವಾಗ ಕಾಲುವೆ ತೋಡಿಕೊಂಡ ಪ್ರದೇಶಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2013ರ ವರದಿಯೊಂದರಲ್ಲಿ ದಾಖಲಿಸಿತು. ಶ್ರೀಲಂಕಾದಲ್ಲಿ ಸುನಾಮಿಗೆ ಮೊದಲು ಆರೋಗ್ಯ ಆಡಳಿತದ 27 ಜಿಲ್ಲೆಗಳ ಪೈಕಿ 10ರಲ್ಲಿ ಮಾತ್ರ ಮಾನಸಿಕ ಆರೋಗ್ಯ ಸೇವೆಯ ವ್ಯವಸ್ಥೆ ಇತ್ತು, ಆಮೇಲೆ ಅದು 20 ಜಿಲ್ಲೆಗಳಿಗೆ ಬಂತು. ಸುನಾಮಿ ಅತಿ ಹೆಚ್ಚು ಜನರನ್ನು ನುಂಗಿದ ಇಂಡೊನೇಷ್ಯಾದ ‘ಆಚೆ’ ಪ್ರಾಂತ್ಯದಲ್ಲಿ ಅದಕ್ಕೂ ಮುಂಚೆ ಇದ್ದದ್ದು ಒಂದೇ ಒಂದು ಮಾನಸಿಕ ಆಸ್ಪತ್ರೆ. ಅಲ್ಲಿ ಆರೋಗ್ಯ ಕೇಂದ್ರಗಳ ದಾದಿಯರಿಗೆ ಸಮುದಾಯ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟರು. ಅವರನ್ನು ಆಯಾ ಕೇಂದ್ರದ ಕಾಯಂ ಕೆಲಸದಲ್ಲೇ ಉಳಿಸಿಕೊಂಡರು, ಜಿಲ್ಲಾಸ್ಪತ್ರೆಯನ್ನು ಅವರ ಬೆನ್ನಿಗಿಟ್ಟರು. ಆ ವರದಿ ಬರುವ ಹೊತ್ತಿಗೆ ಆಚೆ ಪ್ರಾಂತ್ಯದ 23 ಜಿಲ್ಲೆಗಳಲ್ಲಿ 13 ಜಿಲ್ಲೆಗಳ ಆಯವ್ಯಯದಲ್ಲಿ ಮಾನಸಿಕ ಆರೋಗ್ಯಕ್ಕೆ ತನ್ನದೇ ಆದ ಬಾಬ್ತು ಇತ್ತು. ಸುನಾಮಿಗೆ ಮೊದಲು ಒಂದರಲ್ಲೂ ಇರಲಿಲ್ಲ.